ಮವಾಸಿನ ಮೂಳೆ

"ಸತ್ತ ಮವಾಸಿನ ತಲೆಬುರುಡೆ ಯಾರಿಗಾದ್ರೂ ಸಿಕ್ಕಿದೆಯಾ?" ಎಂದು ಲಸ್ಮಾ ಕೇಳಿದಾಗ ಕಾಫಿ ಅಂಗಡಿಯಲ್ಲಿ ನಗು ಎದ್ದಿತು.

"ಇಲ್ಲೇ ಕೂತಿರೋ ತೊಗುವಿನ ಹೆಗಲ ಮೇಲೊಂದಿದೆ. ಒಳಗೇನೂ ಇಲ್ಲ, ಹೊರೋಕೆ ಹಗುರ," ಎಂದರು ಯಾರೋ.

ಲಸ್ಮಾಳೂ ನಕ್ಕಳು. ಬತಾಂಗ್ ತೋರು ಕಾಡಿನ ಮವಾಸ್, ಅಂದರೆ ಒರಾಂಗುಟಾನ್ ವಾನರ, ಸುಮಾತ್ರದ ಉಳಿದವುಗಳಂತಲ್ಲ, ಬೇರೆಯದೇ ಜಾತಿ ಎಂದು ಅವಳ ಸಂಶೋಧನಾ ತಂಡದ ಅನುಮಾನ. ಕೂದಲು, ಹಿಕ್ಕೆ ಸಿಕ್ಕಿದ್ದವು. ಬುರುಡೆಯೊಂದೇ ಬಾಕಿ.

"ಇಡೀ ಲೋಕದಲ್ಲಿ ಇವು ಇರೋದು ಇಲ್ಲಿ ಮಾತ್ರ. ಎಂಟುನೂರೂ ಇಲ್ಲ," ಎಂದವಳು ಮೂಲೆಗೆ ತಿರುಗಿದಳು. "ಸಾಹತ್ ಮಾವ, ನಾಳೆ ಕಾಡಲ್ಲಿ ನೀವೇ ದಾರಿ ತೋರಿಸ್ಬೇಕು."

ಅವಳ ತಾಯಿಯೂ ಸಾಹತ್‌ನ ಕುಲದವಳೆಂದು ತಿಳಿದ ದಿನದಿಂದ ಅವನು ಅವಳಿಗೆ ಸೋದರಮಾವ. ಅವನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಎರಡು ವರ್ಷದ ಹಿಂದೆ, ಆಚೆ ಗುಡ್ಡದಲ್ಲಿ ಅಣೆಕಟ್ಟಿನ ರಸ್ತೆಗಾಗಿ ಬಂಡೆ ಸಿಡಿಸತೊಡಗಿದ ಮೇಲೆ, ಮವಾಸ್‌ಗಳು ತೋಟಕ್ಕಿಳಿದಿದ್ದವು. ಡುರಿಯನ್ ಹಣ್ಣಿನ ಮರದಲ್ಲಿ ಕೂತ ಹೆಣ್ಣೊಂದಕ್ಕೆ ಸಾಹತ್ ಏರ್‌ಗನ್ನಿನಿಂದ ಹೊಡೆದ. ಮೊದಲ ಏಟು ಬೆದರಿಸಲೆಂದು. ಉಳಿದವು ಯಾಕೆಂದು ಅವನಿಗೇ ತಿಳಿಯಲಿಲ್ಲ.

"ಲಸ್ಮಾಳಿಗೆ ಹೇಳಿಬಿಡ್ತೀನಿ," ಎಂದ ಅಂಗಡಿಯಿಂದ ಮನೆಗೆ ಬಂದು.

"ಹುಚ್ಚು ಹಿಡಿದಿದೆಯಾ?" ಹೆಂಡತಿ ಟಿಯಾಮ್ಸಾ ಸಿಡುಕಿದಳು. "ಗುಡ್ಡ ಒಡೆದೋರನ್ನ ಯಾರೂ ಕೇಳಲ್ಲ. ನಿಮ್ಮನ್ನ ಮಾತ್ರ ಜೈಲಿಗೆ ಹಾಕ್ತಾರೆ."

"ಗುಡ್ಡ ಅವರು ಒಡೆದ್ರು. ಅದನ್ನ ಹೊಡೆದೋನು ನಾನು ತಾನೆ?"

ಬೆಳಿಗ್ಗೆ ಅವನು ಲಸ್ಮಾಳನ್ನು ಕಾಡಿಗೆ ಕರೆದೊಯ್ಯಲಿಲ್ಲ. ತೋಟದಂಚಿನ ತಾಳೆಮರದ ಬುಡದಲ್ಲಿ ಗುದ್ದಲಿ ಹಾಕಿದ.

"ಒಂದು ಹೆಣ್ಣು. ಕೊಂದೋನು ನಾನೇ."

ಅವಳು ಟಿಪ್ಪಣಿ ಪುಸ್ತಕ ಹೊರತೆಗೆದಳು. "ಇದನ್ನ ನಾನು ವರದಿಯಲ್ಲಿ ಬರೀಬೇಕಾಗುತ್ತೆ."

"ಬರಿ, ತಾಯಿ."

ಬಟ್ಟೆ ಹಾಸಿ, ಬುರುಡೆಯನ್ನು ಎರಡೂ ಕೈಯಿಂದ ಎತ್ತಿಟ್ಟಳು. ಮೂಳೆಗಳಲ್ಲಿ ನಾಟಿದ್ದ ಸೀಸದ ಚರೆಗುಂಡುಗಳನ್ನು ಬೆರಳಲ್ಲಿ ಮುಟ್ಟುತ್ತಾ ಬಂದಳು. ಎದೆಗೂಡಿನ ಹತ್ತಿರ ಕೈ ನಿಂತಿತು.

"ಒಂದೇ ಅಂದ್ರಿ."

ಸಾಹತ್ ನೆಲ ನೋಡಿದ. "ಮರಿ ಅಮ್ಮನನ್ನ ಬಿಡ್ಲೇ ಇಲ್ಲ. ಬಿಡಿಸಿ ಮನೆಗೆ ತಂದೆ. ಎರಡು ದಿನ ಹಾಲು ಹಿಡಿದೆ, ಬಾಯಿ ತೆರೀಲಿಲ್ಲ. ಅದೂ ಸತ್ತ ಮೇಲೆ ಗುಂಡಿ ಮತ್ತೆ ತೆಗೆದು ಅಮ್ಮನ ಎದೆ ಮೇಲೇ ಮಲಗಿಸಿದೆ."

ಲಸ್ಮಾ ಚೀಲದಿಂದ ಇನ್ನೊಂದು ಬಟ್ಟೆ ತೆಗೆದು ಮೊದಲಿನದರಿಂದ ದೂರ ಹಾಸಿದಳು. "ಬೇರೆ ಬೇರೆ ಇಡಬೇಕು," ಎಂದಳು. ಮಾವ ಎನ್ನಲಿಲ್ಲ.

ಪುಟ್ಟ ಬೆರಳುಗಳ ಮೂಳೆಗಳು ತಾಯಿಯ ಪಕ್ಕೆಲುಬುಗಳ ನಡುವೆ ಸಿಕ್ಕಿಕೊಂಡಿದ್ದವು. ಸಾಹತ್ ಮೊಣಕಾಲೂರಿ, ಒಂದೊಂದನ್ನೇ ಬಿಡಿಸತೊಡಗಿದ.