ನಮ್ಮ ನಂಬರಿನ ಮ್ಯಾಲೆ ಪುರಾಣ

ನನ್ನ ಸಿಟ್ಟು ಇನ್ನೂ ಇಳಿದಿಲ್ಲರಿ. ಇಳೀಲಿ ಅಂತ ನಾ ಅಂದೂ ಇಲ್ಲ.

ನಾನು ಉಡಚವ್ವ. ಮುಂಡರಗಿಯೊಳಗ ಒಂದು ಸಣ್ಣ ರೇಡಿಯೊ ಕೇಂದ್ರ ಐತಿ, ಅದರಾಗ ಸಂಜಿಮುಂದ ಮಾತಾಡೋಕಿ. ಲೈಸನ್ಸ್ ಇರೋ ಕೇಂದ್ರರಿ ನಮ್ಮದು. ದಿಲ್ಲಿಯಿಂದ ಆ ಕಾಗದ ತರಸಾಕ ನಾಕು ವರ್ಷ ಚಪ್ಪಲಿ ಸವಿಸೇವಿ. ಕಪ್ಪತಗುಡ್ಡದಾಗ ಫೋನು ಹತ್ತಂಗಿಲ್ಲ, ರೇಡಿಯೊ ಮಾತ್ರ ಬರತೈತಿ. ಅದಕ್ಕ ಆಡು ಕಾಯೋರೆಲ್ಲಾ ಕಿಸೇದಾಗ ಒಂದು ಸಣ್ಣ ರೇಡಿಯೊ ಇಟಗೊಂಡಿರತಾರ. ಗುಡ್ಡದಾಗ ಚಿರತಿ ಕಂಡರ ಫಾರೆಸ್ಟ್ ಗಾರ್ಡ್ ಇಲಿಯಾಸ ಬುಡದಾಗಿನ ಚೌಕಿಯಿಂದ ನನಗ ಫೋನ್ ಮಾಡತಾನ, ನಾ ರೇಡಿಯೊದಾಗ ಹೇಳತೀನಿ, ಅವರು ಆಡು ಹೊಡಕೊಂಡು ಇಳೀತಾರ. ಮೂರು ವರ್ಷ ಹಿಂಗ ನಡೀತು. ನನ್ನ ತಮ್ಮ ಹೊಳೆಯಪ್ಪನೂ ಎಷ್ಟೋ ಸಲ ನನ್ನ ದನಿ ಕೇಳೇ ಇಳದಾನ.

ನನ್ನ ತವರೂರು ಡೋಣಿ ಅನ್ನೋ ಊರಿಂದ ಆಚೆ, ಗುಡ್ಡಕ್ಕ ಹತ್ತಿಕೊಂಡು ಐತಿ. ಅಲ್ಲಿ ಗುಡಿಯ ಮೈಕಿನ ಮ್ಯಾಲೆ ಯಾರೋ ತಕರಾರು ಕೊಟ್ಟರು, ಪೊಲೀಸರು ಬಂದು ಎರಡೂ ಹಾರ್ನ್ ಇಳಿಸಿದರು. ಅಷ್ಟರಾಗ ಶ್ರಾವಣ ಬಂತು. ಶ್ರಾವಣ ಪೂರ್ತಿ ಸಂಜಿ ಆರಕ್ಕ ಗುಡಿಯಾಗ ಪುರಾಣ, ಓದೋರು ಶ್ರೀಪಾದ ಆಚಾರ್ರು. ಹಾರ್ನ್ ಇಲ್ಲಂದರ ಮನಿಮನಿಗೆ ಹೆಂಗ ಮುಟ್ಟಬೇಕು? ಮೈಕ್‌ಸೆಟ್ ಅಂಗಡಿ ಸುಭಾಷ ಭಾಳ ಶಾಣ್ಯಾ ನೋಡ್ರಿ, ಫೋನಿನಾಗ ಆರ್ಡರ್ ಮಾಡಿ ಅಂಗೈ ಅಗಲದ ಒಂದು ಟ್ರಾನ್ಸ್‌ಮಿಟರ್ ತರಿಸಿದ, ಗುಡಿ ಶಿಖರಕ್ಕ ವೈರ್ ಕಟ್ಟಿದ, ಪುರಾಣ ಮನಿಮನಿ ರೇಡಿಯೊದಾಗ ಬರಾಕ ಹತ್ತಿತು. ಸಪ್ಪಳನ ಇಲ್ಲಂದಮ್ಯಾಲೆ ಪೊಲೀಸರದೇನು ಅಂತ ಊರಿಗೆ ಊರೇ ಖುಷಿ. ಇದಕ್ಕೂ ಲೈಸನ್ಸ್ ಬೇಕು ಅಂತ ಒಬ್ಬರೂ ಕೇಳಲಿಲ್ಲ.

ಅದೂ ಯಾವ ನಂಬರಿಗೆ ಹಚ್ಚಿದ ಗೊತ್ತೇನ್ರಿ? ನಮ್ಮ ಕೇಂದ್ರದ ನಂಬರಿಗೆ! ಆ ಊರಾಗ, ಆ ಗುಡ್ಡದ ಬುಡಕ್ಕ, ನಮ್ಮ ದನಿ ಪೂರಾ ಮುಚ್ಚಿ ಹೋತು.

ಬಸ್ ಹತ್ತಿ ಹೋಗಿ ಜಗಳಾ ತಗದೆ. "ಲೇ ಸುಭಾಷ, ಅಷ್ಟ ನಂಬರ ಖಾಲಿ ಬಿದ್ದಾವಲ್ಲೋ, ನಮ್ಮದರ ಮ್ಯಾಲೇ ಯಾಕ ಬಂದು ಕುಂತಿ?"

"ಅಕ್ಕಾ, ಊರಾಗಿನ ಎಲ್ಲಾ ರೇಡಿಯೊದ ಮುಳ್ಳು ನಿಮ್ಮ ನಂಬರಿಗೇ ನಿಂತೈತಿ. ಮುದುಕ್ಯಾರಿಗೆ ತಿರುವಾಕ ಬರಂಗಿಲ್ಲ. ನೀವ ರೂಢಿ ಮಾಡಿಸಿಟ್ಟೀರಿ, ನಮಗ ಚಲೋ ಆತು," ಅಂತ ಹಲ್ಲು ಕಿಸದ.

ಆಚಾರ್ರು ಬೆಲ್ಲದಂಗ ಮಾತಾಡಿದರು. "ಒಂದ ತಿಂಗಳು ಉಡಚವ್ವಾ. ದೇವರ ಕೆಲಸ, ತವರೂರ ಕೆಲಸ." ಇತ್ತ ಕೇಂದ್ರದ ಮ್ಯಾನೇಜರು ತಕರಾರು ಬರದು ಕಳಸೋಣು ಅಂತ ಕುಂತಿದ್ದರು. ಬ್ಯಾಡ್ರಿ, ನನ್ನ ತವರೂರು, ಶ್ರಾವಣ ಮುಗೀಲಿ ಅಂದಾಕಿ ನಾನ. ನನ್ನ ಬಾಯಾಗ ಹುಳ ಬೀಳಲಿ!

ಮೂರನೇ ಸೋಮವಾರ. ಆರೂಕಾಲಿಗೆ ಇಲಿಯಾಸನ ಫೋನ್ ಬಂತು. "ಅಕ್ಕಾ, ಚಿರತಿ ನಿಮ್ಮೂರ ಕಡೆ ಹಳ್ಳಕ್ಕ ಇಳದೈತಿ. ಆಡಿನವರು ಯಾರೂ ಅಲ್ಲಿ ಇರಬಾರದು, ಜಲ್ದಿ ಹೇಳ್ರಿ." ನಾ ಹೇಳಿದೆ. ರೇಡಿಯೊದಾಗ ಸ್ವಂತದವರ ಹೆಸರು ಹಿಡಿಯಂಗಿಲ್ಲ ಅಂತ ರೂಲ್ಸ್ ಐತಿ. ರೂಲ್ಸ್ ಗಾಳಿಗೆ ತೂರಿ ಕೂಗಿದೆ, "ಹೊಳೆಯಪ್ಪಾ, ಏಳೋ, ಆಡು ಬಿಟ್ಟರೂ ಬಿಡು, ಕೆಳಗ ಇಳಿಯೋ!" ಕೂಗಿದಮ್ಯಾಲೆ ನೆನಪಾತು, ಅಲ್ಲಿ ಪುರಾಣ ಹತ್ತಿರತೈತಿ, ನನ್ನ ದನಿ ಯಾರಿಗೂ ಮುಟ್ಟಂಗಿಲ್ಲ.

ಸುಭಾಷಗ ಫೋನ್ ಹಚ್ಚಿದೆ. "ಎರಡ ನಿಮಿಷ ನಿಲ್ಲಸೋ ಅದನ್ನ! ಚಿರತಿ ಬಂದೈತಿ!"

"ಅಧ್ಯಾಯ ನಡುವ ಐತಿ ಅಕ್ಕಾ. ನಡುವ ಕಡೀಬಾರದು."

"ಹಂಗಾರ ಆಚಾರ್ರಿಗೇ ಹೇಳು! ಅವರ ಮೈಕಿನಾಗ ಅವರ ಒಂದ ಮಾತು ಹೇಳಲಿ!"

ಸ್ವಲ್ಪ ತಡದು ಫೋನಿಗೆ ತಿರುಗಿ ಬಂದ. "ಆಚಾರ್ರು ಕೈಸನ್ನಿ ಮಾಡಿದರು. ಮಂಗಳಾರತಿ ಆದಮ್ಯಾಲೆ ಹೇಳತಾರಂತ."

ಮಂಗಳಾರತಿಗೆ ಇನ್ನೂ ಮುಕ್ಕಾಲು ತಾಸು ಇತ್ತು.

ನನ್ನ ತಮ್ಮನ ಬಲಗಣ್ಣು ಹೋತು. ಬಲಗೈಯಾಗ ಎರಡು ಬೆರಳು ಹೋದವು. ಗದಗಿನ ದವಾಖಾನ್ಯಾಗ ಅವನ ಹೆಂಡತಿ ಚನ್ನಮ್ಮ ಅಳಕೋತ ನಡದದ್ದು ಹೇಳಿದಳು. ದಿನಾ ಐದಕ್ಕೇ ಇಳಿಯಾವ, ಅವತ್ತು ಒಂದು ಆಡು ಈದು ತಡಾ ಆತಂತ. ಮರಿ ಹೆಗಲ ಮ್ಯಾಲೆ ಹಾಕ್ಕೊಂಡು ಹೊಂಟಾನ, ಕಿಸೇದಾಗ ಪುರಾಣ ಚಾಲೂ ಆಗೈತಿ. ಪುರಾಣ ಹತ್ತಿದಮ್ಯಾಲೆ ಮಂಗಳಾರತಿ ತನಕ ಏಳಂಗಿಲ್ಲ, ಅದು ನಮ್ಮೂರ ಪದ್ಧತಿ. ಗುಡಿಯಾಗ ಕುಂತೋರಿಗೆ ಪದ್ಧತಿ ಅದು! ಇವ ಗುಡ್ಡದಾಗ, ಹಳ್ಳದ ದಂಡಿಗೆ, ಚಪ್ಪಲಿ ಕಳದು ಕಲ್ಲಿನ ಮ್ಯಾಲೆ ಕೈ ಮುಗದು ಕುಂತಾನ. ಆಡು ಚೀರಿದಾಗ ಎದ್ದಾನ. ಚಿರತಿ ಮಾರಿಗೇ ಕೈ ಹಾಕೈತಿ.

ಮರುದಿನ ಆಚಾರ್ರು ಬಾಳೆಹಣ್ಣು, ಪ್ರಸಾದ ತಗೊಂಡು ಬಂದರು. ಹಾಸಿಗಿ ಮಗ್ಗಲಕ ನಿಂತು, "ನಡುವ ಎದ್ದದ್ದು ತಪ್ಪಾತು ಹೊಳೆಯಪ್ಪಾ, ಆದರೂ ದೇವರು ದೊಡ್ಡಾವ, ಜೀವ ಉಳಿಸಿದ," ಅಂದರು. ನನ್ನ ತಮ್ಮ ಬ್ಯಾಂಡೇಜಿನ ಕೈ ಎತ್ತಿ ಎದಿಗೆ ಹಚ್ಚಿ, "ತಪ್ಪಾತ್ರಿ ಆಚಾರ್ರ," ಅಂದ.

ನನಗ ನೆತ್ತಿಗೇರಿತು. "ಆಚಾರ್ರ, ವಯಸ್ಸಿಗೆ ಮರ್ಯಾದಿ ಕೊಟ್ಟು ಹೇಳತೀನಿ, ಹೊರಗ ನಡ್ರಿ. ತಪ್ಪು ಇವಂದೇನ್ರಿ? ಒಂದ ಮಾತು ಕೇಳಿದ್ದೆ ನಿಮ್ಮನ್ನ. ಅವತ್ತು ಅವ ಯಾರ ಮಾತಿಗೆ ಏಳತಿದ್ದ ಗೊತ್ತೈತೇನ್ರಿ? ನಿಮ್ಮ ಮಾತಿಗೆ! ಅವನ ಕಿವ್ಯಾಗ ನೀವ ಕುಂತಿದ್ದಿರಿ!"

ವಾರ್ಡಿನ ಮಂದಿಯೆಲ್ಲಾ ನನ್ನ ಮಾರಿ ನೋಡಿದರು. ನೋಡಲಿ. ಆಚಾರ್ರು ಬಾಳೆಹಣ್ಣು ಅಲ್ಲೇ ಇಟ್ಟು ಹೊರಬಿದ್ದರು.

ಅವತ್ತ ಮಧ್ಯಾಹ್ನ ಮ್ಯಾನೇಜರು ಬರದ ತಕರಾರಿಗೆ ಸಹಿ ಹಾಕಿದೆ. ಹತ್ತು ದಿನಕ್ಕ ಸರಕಾರದ ವೈರ್‌ಲೆಸ್ ಸಾಹೇಬರು ಜೀಪ್ ತಗೊಂಡು ಬಂದರು, ವೈರ್ ಕಿತ್ತು ಟ್ರಾನ್ಸ್‌ಮಿಟರ್ ಡಬ್ಬಿ ಒಯ್ದರು, ಸುಭಾಷನ ಮ್ಯಾಲೆ ಕೇಸ್ ಆತು. ಶ್ರಾವಣ ಇನ್ನೂ ನಾಕು ದಿನ ಇತ್ತು. ದೇವರ ಬಾಯಿ ಮುಚ್ಚಿಸಿದಾಕಿ ಅಂತ ಊರು ನನಗ ಹೆಸರಿಟ್ಟಿತು. ಬಸ್‌ಸ್ಟ್ಯಾಂಡಿನಾಗ ನನ್ನ ಕಂಡರ ಮಂದಿ ಆ ಕಡೆ ಮಾರಿ ತಿರುವಾಕ ಹತ್ತಿದರು. ತಿರುವಲಿ, ನನಗೇನು ನಷ್ಟ? ತಮ್ಮಗರ ನ್ಯಾಯ ಸಿಕ್ಕಿತು ಅನಕೊಂಡೆ.

ಹೊಳೆಯಪ್ಪ ಮನಿಗೆ ಬಂದಾನ ಅಂತ ಖಬರ ಬಂತು. ಒಂದು ಸೋಮವಾರ ಮುಂಜಾನೆ ಹೊಂಟೆ. ಊರ ಬಾಗಿಲಿಗೇ ಮಂದಿ ಸಾಲಾಗಿ ನಿಂತಿತ್ತು. ನಟ್ಟನಡುವ ನನ್ನ ತಮ್ಮ, ಒದ್ದಿ ಪಂಜಿ ಉಟ್ಟು, ದೀಡ ನಮಸ್ಕಾರ ಹಾಕತಿದ್ದ. ನೆಲಕ್ಕ ಉದ್ದಕ ಮಲಗೋದು, ಕೈ ಚಾಚೋದು, ಕೈ ಮುಟ್ಟಿದಲ್ಲಿ ಚನ್ನಮ್ಮ ಕೋಲಿನಿಂದ ಗೆರಿ ಎಳಿಯೋದು, ಎದ್ದು ಆ ಗೆರಿ ಮ್ಯಾಲೆ ನಿಂತು ಮತ್ತ ಮಲಗೋದು. ಕೈಯಿನ ಹೊಲಿಗಿ ಬಿಟ್ಟು ಬ್ಯಾಂಡೇಜ್ ಕೆಂಪಾಗಿತ್ತು.

ಓಡಿ ಹೋಗಿ ರಟ್ಟಿ ಹಿಡದೆ. "ಹುಚ್ಚೇನೋ ನಿನಗ? ಆಡು ಚೀರಿತು, ಎದ್ದಿ. ಅದಕ್ಕ ಇನ್ನೂ ಎಷ್ಟು ದಂಡ ಕಟ್ಟತಿಯೋ?"

ಅವ ಒಂದೇ ಕಣ್ಣಲೆ ನನ್ನ ನೋಡಿದ. ಆ ಕಣ್ಣಾಗ ಸಿಟ್ಟಿದ್ದರ ನಾ ತಡಕೋತಿದ್ದೆ.

"ನನ್ನ ಸಲುವಾಗಿ ಅಲ್ಲಕ್ಕಾ. ನಾ ಬರೇ ಎದ್ದೆ, ನನಗ ಇಷ್ಟಾತು. ನೀ ಪುರಾಣಾನ ನಿಲ್ಲಿಸಿದಿ. ನಿನಗೇನು ಕಾದೈತೋ ಅಂತ ನನಗ ನಿದ್ದಿ ಹತ್ತವಲ್ದು. ಐದು ಸೋಮವಾರ ನಿನ್ನ ಹೆಸರಲೆ ಹರಕಿ ಹೊತ್ತೀನಿ."

ಅವ ಮೆಲ್ಲಕ ನನ್ನ ಕೈ ಬಿಡಿಸಿಕೊಂಡು ಮತ್ತ ನೆಲಕ್ಕ ಮಲಗಿದ. ಗುಡಿ ಇನ್ನೂ ಮೂರು ಓಣಿ ಆಚೆ ಇತ್ತು.