ಸೋಗೆ ಹೊರೆಯ ಹಿಂದೆ ಒಂದು ಕೆಂಪು ದೀಪ

ಕಬ್ಬು ಕಡಿಯುವ ಕಾಲ ಬಂತೆಂದರೆ ನಮ್ಮ ಮಂಡ್ಯ–ಮದ್ದೂರು ರಸ್ತೆಯಲ್ಲಿ ಸಂಜೆ ಹೊತ್ತು ದನಗಳಿಗೆ ಹಾಕುವ ಕಬ್ಬಿನ ಸೋಗೆಯ ಹೊರೆಗಳು ತಾವಾಗಿಯೇ ನಡೆದು ಹೋಗುತ್ತವೆ. ಹತ್ತಿರ ಹೋಗಿ ನೋಡಿದರೆ ಹೊರೆಯ ಅಡಿಯಲ್ಲಿ ಒಂದು ಸೈಕಲ್ಲು, ಸೈಕಲ್ಲಿನ ಪಕ್ಕದಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಹತ್ತಿರ ಹೋದರೆ ಮಾತ್ರ. ದೂರದಿಂದ ಬರುವ ಲಾರಿಯವನಿಗೆ ಅದು ಸೈಕಲ್ಲೂ ಅಲ್ಲ, ಮನುಷ್ಯನೂ ಅಲ್ಲ, ರಸ್ತೆ ಪಕ್ಕದ ಬೇಲಿ.

ಹನಕೆರೆಯ ಪುಟ್ಟಮಾದಯ್ಯನಿಗೆ ಈ ಮಾತು ಹೇಳಿದರೆ ಕೋಪ ಬರುತ್ತಿತ್ತು. ಅವನ ಸೈಕಲ್ಲಿಗೆ ಡೈನಮೋ ಇತ್ತು. ಮುಂದೆ ದೊಡ್ಡ ಲೈಟು, ಹಿಂದೆ ಮಡ್‌ಗಾರ್ಡಿನ ಮೇಲೆ ಕೆಂಪು ಲೈಟು. ಆದರೆ ಡೈನಮೋ ಟೈರಿಗೆ ತಾಗಿದರೆ ತುಳಿಯುವುದು ಭಾರ. ಅದಕ್ಕೇ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಅವನೂ ಮಾಡುತ್ತಿದ್ದ. ದಾರಿಯುದ್ದಕ್ಕೂ ಡೈನಮೋವನ್ನು ಟೈರಿನಿಂದ ಬಿಡಿಸಿ ಇಡುವುದು, ಪೊಲೀಸಿನವರು ನಿಲ್ಲುವ ಜಾಗ ಹತ್ತಿರ ಬಂದಾಗ ಟೈರಿಗೆ ಒತ್ತುವುದು, ದಾಟಿದ ಮೇಲೆ ಮತ್ತೆ ಬಿಡಿಸುವುದು. ದೀಪ ಇರುವುದು ಪೊಲೀಸಿನವರಿಗೆ ತೋರಿಸಲಿಕ್ಕೆ ಎಂದು ನಮ್ಮವರ ತಲೆಗೆ ಅದ್ಯಾರು ತುಂಬಿದರೋ ಕಾಣೆ.

ಹೊತ್ತು ಮುಳುಗಿದರೆ ಅವನ ಹೆಂಡತಿ ಮುದ್ದಮ್ಮನಿಗೆ ಒಲೆಯ ಮುಂದೆ ಕೂತರೂ ಕಿವಿ ರಸ್ತೆಯ ಕಡೆಗೇ. ಹೋದ ವರ್ಷದ ಕಬ್ಬಿನ ಕಾಲದಲ್ಲಿ ಅವಳ ತಮ್ಮ ಸಿದ್ದರಾಮುವಿಗೆ ಹಿಂದಿನಿಂದ ಒಂದು ಗಾಡಿ ತಾಗಿ ಸೊಂಟ ಮುರಿದಿತ್ತು. ಅವನು ಇವತ್ತಿಗೂ ಗೋಡೆ ಹಿಡಿದುಕೊಂಡೇ ನಡೆಯುತ್ತಾನೆ. ಅವನ ಸೈಕಲ್ಲಿಗೂ ಡೈನಮೋ ಇತ್ತು.

ಅದೇ ಊರಿನ ಖಾಸಿಂ ಕಬ್ಬಿನ ಲಾರಿ ಓಡಿಸುವವನು, ಪುಟ್ಟಮಾದಯ್ಯನ ಬಾಲ್ಯದ ಗೆಳೆಯ. ಒಂದು ದಿನ ಅವನು ಕೈಯಲ್ಲಿ ತಗಡಿನ ಡಬ್ಬಿ ಹಿಡಿದು ಇವರ ಮನೆಗೆ ಬಂದ.

“ಏನ್ಲಾ ಅದು, ತಿಂಡಿ ಡಬ್ಬೀನಾ?” ಎಂದ ಪುಟ್ಟಮಾದಯ್ಯ.

“ಸೆಲ್ಲಿನ ಡಬ್ಬಿ ಕಣ್ಲಾ. ಒಳಗೆ ಟಾರ್ಚಿಗೆ ಆಕೋ ಸೆಲ್ಲು ಎರಡವೆ. ಇದ್ನ ಸೀಟಿನ ಕೆಳಗೆ ಕಟ್ಟು. ಒಂದು ವೈರು ಮುಂದಿನ ಲೈಟ್ಗೆ ಓಯ್ತದೆ. ಇನ್ನೊಂದು ಉದ್ದದ ವೈರು ಇಂದಕ್ಕೆ. ಅದ್ರ ತುದೀಲಿ ಈ ಕೆಂಪು ಲೈಟ್ ಅದೆ.”

“ನಂಗೆ ಡೈನಮೋ ಅದೆ ಬುಡು.”

“ತುಳುದ್ರೆ ಅದು ಉರೀತದೆ. ಸೋಗೆ ಏರ್ಕಂಡ್ಮೇಲೆ ನೀನು ತುಳೀತೀಯಾ, ತಳ್ತೀಯಾ?”

ಅದು ನಿಜವೇ. ಹೊರೆ ಹೇರಿದ ಮೇಲೆ ತುಳಿಯುವ ಮಾತೇ ಇಲ್ಲ. ತಳ್ಳುವಾಗ ಡೈನಮೋ ದೀಪ ಮಿಣುಕು ಮಿಣುಕು. ದಣಿವಾರಿಸಿಕೊಳ್ಳಲು ನಿಂತರೆ ಅದೂ ಇಲ್ಲ.

“ಇಂದ್ಗಡೆ ಲೈಟಂತೂ ಸೋಗೆ ಒಳಗೆ ಮುಚ್ಚೇ ಓಯ್ತದೆ ಖಾಸಿಮಣ್ಣ,” ಎಂದಳು ಮುದ್ದಮ್ಮ ಒಳಗಿನಿಂದಲೇ.

“ಅದಕ್ಕೇ ಉದ್ದದ ವೈರು ಕಣಮ್ಮ. ಒರೆ ಕಟ್ಟಿದ ಮ್ಯಾಲೆ ಲೈಟ್ನ ಅಗ್ಗಕ್ಕೆ ಸಿಗಿಸೋದು, ಒರೆಯಿಂದ ಆಚೆಗೆ.”

ಪುಟ್ಟಮಾದಯ್ಯ ಬಿಡುವವನಲ್ಲ. “ಸೆಲ್ಲು ಟ್ರಾನ್ಸಿಸ್ಟರಿಗೇ ಸಾಲ್ದು. ಇನ್ನು ಸೋಗೆಗೆ ಬೇರೆ ದೀಪ ಅಚ್ಚಾನಾ? ನಾನು ರಸ್ತೆ ಪಕ್ಕದಲ್ಲೇ ಬತ್ತೀನಿ ಕಣ್ಲಾ. ಲಾರಿಯವ್ರಿಗೇನು ಕಣ್ಣಿಲ್ವಾ?”

ಖಾಸಿಂ ವಾದ ಮಾಡಲಿಲ್ಲ. “ನಾಳೆ ಸಂದೆ ನನ್ ಲಾರೀಲಿ ಕೂತ್ಕೊ ಬಾ. ನಾನು ದಿನಾ ನೋಡೋದ ನೀನೊಂದು ದಿನ ನೋಡು,” ಎಂದು ಡಬ್ಬಿಯನ್ನು ಅಲ್ಲೇ ಇಟ್ಟು ಹೋದ.

ಮರುದಿನ ಕತ್ತಲಾಗುವ ಹೊತ್ತಿಗೆ ಊರಿನ ರಸ್ತೆಯ ಪಕ್ಕ ಖಾಸಿಂ ಲಾರಿ ನಿಲ್ಲಿಸಿ ಹೆಡ್‌ಲೈಟು ಹಾಕಿದ. ಸೈಕಲ್ಲಿಗೆ ಸೋಗೆ ಹೇರಿದ್ದಾಯಿತು, ಡಬ್ಬಿ ಕಟ್ಟಿದ್ದಾಯಿತು. ಸ್ವಿಚ್ಚು ಮಾತ್ರ ಹಾಕಿರಲಿಲ್ಲ. ತಳ್ಳುವವರು ಯಾರು ಎಂದು ಕೇಳುವ ಮೊದಲೇ ಮುದ್ದಮ್ಮ ಹ್ಯಾಂಡಲ್ಲು ಹಿಡಿದಿದ್ದಳು.

“ಆರನ್ ಒಡುದ್ರೆ ಸ್ವಿಚ್ ಆಕಮ್ಮ, ಅಲ್ಲೀಗಂಟ ಬೇಡ,” ಎಂದ ಖಾಸಿಂ.

ಪುಟ್ಟಮಾದಯ್ಯ ಲಾರಿಯಲ್ಲಿ ಒಳ್ಳೇ ಮದುವೆ ಗಂಡಿನ ಹಾಗೆ ಕೂತ. “ಕಾಣ್ತಾವ್ಳೆ ಕಣ್ಲಾ, ಕಾಣ್ತಾವ್ಳೆ. ಸುಮ್ನೆ ಎಲ್ಲಾರ್ನೂ ಎದರಿಸ್ತೀಯ,” ಎಂದು ನಕ್ಕ. ಹೊರೆ ಮುಂದೆ ಮುಂದೆ ಸಾಗಿತು. ಅಷ್ಟರಲ್ಲಿ ಎದುರಿಂದ ಬಸ್ಸು ಬಂತು. ಅದರ ಬೆಳಕು ಕಣ್ಣಿಗೆ ರಾಚಿತು. ಬಸ್ಸು ದಾಟಿ ಹೋದ ಮೇಲೆ ನೋಡಿದರೆ ಕಪ್ಪು ರಸ್ತೆ, ಎರಡೂ ಬದಿಗೆ ಕಬ್ಬಿನ ಗದ್ದೆ. ಯಾವುದು ಗದ್ದೆಯ ಕಬ್ಬು, ಯಾವುದು ಸೈಕಲ್ಲಿನ ಸೋಗೆ, ಒಂದೂ ತಿಳಿಯಲಿಲ್ಲ.

ಪುಟ್ಟಮಾದಯ್ಯ ಹಣೆ ಗಾಜಿಗೆ ತಾಗುವಷ್ಟು ಮುಂದೆ ಬಗ್ಗಿದ. “ಎಲ್ಲೋದ್ಲು?” ಎಂದ.

“ದಿನಾ ನಾನೂ ಇದ್ನೇ ಕೇಳ್ಕೋತೀನಿ, ಬ್ರೇಕ್ ಮ್ಯಾಲೆ ಕಾಲ್ ಮಡಗಿ,” ಎಂದ ಖಾಸಿಂ.

ಪುಟ್ಟಮಾದಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಮುದ್ದೀ,” ಎಂದು ಕೂಗಿದ. ಮದುವೆಯಾದ ಹೊಸದರಲ್ಲಿ ಹಾಗೆ ಕರೆಯುತ್ತಿದ್ದ. ಅವನಿಗೆ ನಿಜವಾಗಿಯೂ ಭಯವಾಗಿತ್ತು.

ಖಾಸಿಂ ಹಾರನ್ನು ಒತ್ತಿದ. ಕತ್ತಲಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಪುಟ್ಟಮಾದಯ್ಯ ಹುಡುಕುತ್ತಿದ್ದ ಜಾಗದಲ್ಲಲ್ಲ. ಅದಕ್ಕಿಂತ ಎಷ್ಟೋ ಹತ್ತಿರ, ರಸ್ತೆಯ ನಡುವಿನ ಕಡೆಗೆ. ಪಕ್ಕದಲ್ಲಿ ಯಾರೋ ಸುರಿದಿದ್ದ ಜಲ್ಲಿ ರಾಶಿಯನ್ನು ಬಳಸಿಕೊಂಡು ಹೋಗಲು ಮುದ್ದಮ್ಮ ಒಳಕ್ಕೆ ಬಂದಿದ್ದಳು. ಪಕ್ಕದಲ್ಲೇ ಬರುತ್ತೇನೆ ಎನ್ನುವ ಎಲ್ಲರೂ ದಿನಕ್ಕೊಂದು ಸಲವಾದರೂ ಹೀಗೆ ಒಳಕ್ಕೆ ಬರಲೇಬೇಕು.

ಅವನು ಲಾರಿಯಿಂದ ಇಳಿದು ಓಡಿಯೇ ಹೋದ. ಸೈಕಲ್ಲು ನಿಂತಿತ್ತು, ದೀಪ ಮಾತ್ರ ನಿಲ್ಲದೆ ಉರಿಯುತ್ತಿತ್ತು. ಹೆಂಡತಿಯ ಕೈಯಿಂದ ಹ್ಯಾಂಡಲ್ಲು ತೆಗೆದುಕೊಂಡ.

“ಇಲ್ಲೇ ಇದ್ಯಲ್ಲ. ನಂಗೆ ಕಾಣ್ನೇ ಇಲ್ಲ,” ಎಂದ.

“ನಾನಿವ್ನಿ ಅಂತ ಗೊತ್ತಿದ್ದು, ಉಡುಕ್ತಾ ಕೂತಿದ್ದ ನಿಂಗೇ ನಾನು ಕಾಣ್ನಿಲ್ಲ,” ಎಂದಳು ಮುದ್ದಮ್ಮ. “ನೀನ್ಯಾರೋ ಏನೋ ಗೊತ್ತಿಲ್ದೆ ಬರೋನ್ಗೆ ನೀನೆಂಗೆ ಕಂಡೀಯೆ?”

ಪುಟ್ಟಮಾದಯ್ಯ ದೀಪ ಆರಿಸದೆ ಮನೆಯವರೆಗೂ ಸೈಕಲ್ಲು ತಳ್ಳಿಕೊಂಡು ಬಂದ. ಹಿಂದೆ ಖಾಸಿಂ ಲಾರಿಯನ್ನು ನಿಧಾನವಾಗಿ ತಂದ. ಹಟ್ಟಿಯ ಮುಂದೆ ಹೊರೆ ಇಳಿಸುವಾಗ ಪುಟ್ಟಮಾದಯ್ಯ ತಾನಾಗಿಯೇ ಕೇಳಿದ, “ಸೆಲ್ಲು ಬೇಗ ಮುಗಿಯದಂಗೆ ಏನ್ ಮಾಡ್ಬೇಕ್ಲಾ?”

“ಮನೆಗೆ ಬಂದೇಟ್ಗೆ ಸ್ವಿಚ್ ಆರ್ಸು. ಅಳೇ ಸೆಲ್ ಜೊತೆ ಒಸಾದ್ ಸೇರಿಸ್ಬೇಡ, ಎರಡೂ ಒಟ್ಗೇ ಬದಲಾಯ್ಸು. ದೀಪ ಮಂಕಾದಾಗ್ಲೇ ಬದಲಾಯ್ಸು, ಪೂರ್ತಿ ಆರೋಗಂಟ ಕಾಯ್ಬೇಡ. ಮಳೆ ಬಂದ್ರೆ ಡಬ್ಬೀಗೆ ಅಳೇ ಟ್ಯೂಬ್ ಸುತ್ತು. ನೀರು ಬುಟ್ಟಿರೋ ಸೆಲ್ ಒಳಗೆ ಮಡಗ್ಬೇಡ, ಡಬ್ಬಿನೇ ತಿಂದಾಕ್ತದೆ.”

“ಟ್ರಾನ್ಸಿಸ್ಟರು?” ಎಂದು ಕೆಣಕಿದಳು ಮುದ್ದಮ್ಮ.

“ಪಕ್ಕದ ಮನೇದು ಕೇಳ್ತದಲ್ಲ, ಸಾಕು ಬುಡು,” ಎಂದ ಪುಟ್ಟಮಾದಯ್ಯ.

ಅಣ್ಣಂದಿರೇ, ಅಕ್ಕಂದಿರೇ, ನಮ್ಮ ಮಾತನ್ನೇನೂ ನಂಬಬೇಡಿ. ಇವತ್ತು ಸಂಜೆ ನಿಮ್ಮ ಸೈಕಲ್ಲಿಗೆ ಹುಲ್ಲೋ, ಸೋಗೆಯೋ, ಹಾಲಿನ ಕ್ಯಾನೋ, ದಿನಾ ಏನು ಹೇರುತ್ತೀರೋ ಅದನ್ನು ಹೇರಿ ಮನೆಯ ಮುಂದೆ ನಿಲ್ಲಿಸಿ. ನೀವು ದೂರ ಹೋಗಿ ಹಿಂದಿನಿಂದ ತಿರುಗಿ ನೋಡಿ. ಸೈಕಲ್ಲು ಕಾಣದಿದ್ದರೆ, ಅದನ್ನು ತಳ್ಳುವವರೂ ಕಾಣುವುದಿಲ್ಲ. ಸೆಲ್ಲಿನ ಡಬ್ಬಿ ಕಟ್ಟಿಸಿ, ಕೆಂಪು ದೀಪವನ್ನು ಹೊರೆಯಿಂದ ಹೊರಗೆ ತೂಗಿಸಿ. ಕಟ್ಟಿಸುವ ತನಕ ಕತ್ತಲಾಗುವ ಮೊದಲೇ ಮನೆ ಸೇರಿ. ನಿಮ್ಮ ಮನೆಯಲ್ಲೂ ರಸ್ತೆಗೆ ಕಿವಿ ಕೊಟ್ಟು ಕೂತವರಿದ್ದಾರೆ.