ಅಧ್ಯಕ್ಷರ ಕಾರು

ಇಪ್ಪತ್ತೆಂಟು ವರ್ಷಗಳಿಂದ ಕಂಡವರ ಬಾಯಿಯ ಅಚ್ಚುಗಳನ್ನು ಮುಂದಿಟ್ಟುಕೊಂಡು ಹಲ್ಲಿನ ಸೆಟ್ಟು ಮಾಡುತ್ತಿದ್ದೇನೆ. ಒಸಡು, ಎಂಜಲು, ಹಳೆಯ ಸೆಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡ ಹೋದ ವಾರದ ಊಟ, ಯಾವುದಕ್ಕೂ ನಾನು ಮೂಗು ಮುರಿದವನಲ್ಲ. ಆದರೆ ನಮ್ಮ ಭಾವನ ಬೆರಳುಗಳನ್ನು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಕೊಳಕಾಗಿವೆ ಎಂದಲ್ಲ. ಸದಾ ತೊಳೆದಿಟ್ಟ ಹಾಗಿರುತ್ತವೆ, ಅದಕ್ಕೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ವಿಮಾ ಕಚೇರಿಯಲ್ಲಿ ಮ್ಯಾನೇಜರು, ನಮ್ಮ ಮಾದರಿ ಕಾರುಗಳ ಕ್ಲಬ್ಬಿಗೆ ಅಧ್ಯಕ್ಷ. ಎದುರಿಗೆ ಸಿಕ್ಕರೆ ನೀವು, ತಾವು ಎಂದೇ ಮಾತಾಡಿಸುತ್ತೇನೆ. ಬರೆಯಲು ಕೂತರೆ ಆ ಮರ್ಯಾದೆ ಕೈಗೆ ಬರುತ್ತಿಲ್ಲ.

ನಮ್ಮ ಕ್ಲಬ್ಬಿನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಲವತ್ತು ಐವತ್ತು ವರ್ಷಗಳ ಹಿಂದೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕಾರಿನ ಕಿಟ್ಟುಗಳು ಸಿಗುತ್ತಿದ್ದವು. ಡಬ್ಬಿಯೊಳಗೆ ನೂರು ಬಿಡಿಭಾಗ, ಒಂದು ನಕ್ಷೆ. ಕತ್ತರಿಸಿ, ಅಂಟಿಸಿ, ಬಣ್ಣ ಬಳಿದರೆ ಅಂಗೈ ಉದ್ದದ ಕಾರು. ಬಿಚ್ಚದ ಡಬ್ಬಿ ಈಗ ಸಿಗುವುದಿಲ್ಲ. ಸಿಗುವುದೆಲ್ಲ ಯಾರೋ ಒಂದೇ ಸಂಜೆಯಲ್ಲಿ ಅಂಟು ಮೆತ್ತಿ ಮುಗಿಸಿದ ಮುದ್ದೆಗಳು. ನಾವು ಅವನ್ನು ಅಂಟುಂಡೆ ಎನ್ನುತ್ತೇವೆ. ಕಿಟಕಿಯಿಂದ ಸಿಂಬಳದ ಹಾಗೆ ಇಳಿದು ಒಣಗಿದ ಅಂಟು, ಬಣ್ಣದಲ್ಲಿ ಹೂತುಹೋದ ತಲೆಗೂದಲು, ಒಮ್ಮೆಯಂತೂ ಡ್ರೈವರ್ ಸೀಟಿನಲ್ಲಿ ಕೂತಂತೆಯೇ ಸತ್ತಿದ್ದ ಒಂದು ಇರುವೆ. ಅಸಹ್ಯ. ಆ ಅಸಹ್ಯವನ್ನು ಬಿಡಿಸಿ, ತೊಳೆದು, ಮತ್ತೆ ಕಟ್ಟಿ, ಅಂಗಡಿಯ ಗಾಜಿನೊಳಗೆ ಇದ್ದ ದಿನದ ಹಾಗೆ ಮಾಡುವುದೇ ನಮ್ಮ ಹುಚ್ಚು.

ಅದಕ್ಕೆ ಮಾಡುವ ಕೆಲಸ ಒಂದೆರಡಲ್ಲ. ಮೊದಲು ಕಾರನ್ನು ಫ್ರೀಜರಿನಲ್ಲಿಡಬೇಕು, ಹಳೆಯ ಅಂಟು ಪೆಡಸಾಗಿ ಪಟ್ಟನೆ ಬಿಡುತ್ತದೆ. ಬ್ರೇಕ್ ಆಯಿಲ್ಲಿನಲ್ಲಿ ನೆನೆಹಾಕಿ ಬಣ್ಣ ಕಳಚಬೇಕು. ಬ್ಲೇಡಿನಿಂದ ಹೆರೆಯಬೇಕು, ಗುಳಿ ತುಂಬಬೇಕು, ಉಜ್ಜಬೇಕು, ಮತ್ತೆ ಉಜ್ಜಬೇಕು. ಇದನ್ನೆಲ್ಲ ಮಾಡಿದವರ ಬೆರಳ ತುದಿ ಸುಲಿದಿರುತ್ತದೆ, ಉಗುರಿನ ಸಂದಿಯಲ್ಲಿ ಬಣ್ಣ ಕೂತಿರುತ್ತದೆ, ಹೆಬ್ಬೆರಳಿನಲ್ಲಿ ಬ್ಲೇಡಿನ ಗೀರಿರುತ್ತದೆ. ಭಾವನಿಗೆ ಇದ್ಯಾವುದೂ ಇರಲಿಲ್ಲ. ಆದರೂ ವರ್ಷದ ಪ್ರದರ್ಶನದಲ್ಲಿ ಸತತವಾಗಿ ಏಳು ಸಲ ಮೊದಲ ಬಹುಮಾನ ಅವನದೇ. ತೀರ್ಪುಗಾರರು ಇಬ್ಬರು, ನಾನು ಮತ್ತು ಕನ್ನಡಕದಂಗಡಿಯವರು. ಅಧ್ಯಕ್ಷರ ಮೇಜು ನನ್ನ ಪಾಲಿಗೆ ಬರುತ್ತಿತ್ತು.

ನಿಜ ತಿಳಿದದ್ದು ಏಳು ವರ್ಷಗಳ ಹಿಂದೆ, ಮೊದಲ ಬಹುಮಾನಕ್ಕೆ ಸ್ವಲ್ಪ ಮುಂಚೆ. ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಅಕ್ಕ ಒಗೆದ ಬಟ್ಟೆ ತರಲು ಮಹಡಿಗೆ ಹೋಗಿದ್ದಳು. ಐಸ್ ತೆಗೆಯೋಣವೆಂದು ಫ್ರೀಜರ್ ತೆರೆದೆ. ಬಟಾಣಿ ಪೊಟ್ಟಣದ ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಅಂಟುಂಡೆ ತಣ್ಣಗೆ ಕೂತಿತ್ತು. ಎಷ್ಟು ದಿನದಿಂದ ಇಟ್ಟಿದ್ದೀರಿ ಎಂದು ಭಾವನನ್ನು ಕೇಳಿದೆ. ಅವನು ಪತ್ರಿಕೆಯಿಂದ ತಲೆ ಎತ್ತದೆ, ಏನನ್ನು ಎಂದ. ಕಾರನ್ನು ಎಂದೆ. ಕಾರು ಶೆಡ್ಡಿನಲ್ಲಿದೆಯಲ್ಲ, ಫ್ರೀಜರಿನಲ್ಲಿ ಯಾಕಿಡಲಿ ಎಂದು ನಕ್ಕ.

ಆಮೇಲೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಅಕ್ಕನ ಫೋನು ಅವಳ ಬೆರಳಚ್ಚನ್ನು ಗುರುತಿಸುವುದಿಲ್ಲ ಎಂದು ಮನೆಯವರೆಲ್ಲ ಗೇಲಿ ಮಾಡುತ್ತಿದ್ದರು, ಅಂಟಿಗೆ ಸುಲಿದ ಬೆರಳನ್ನು ಯಾವ ಫೋನು ಗುರುತಿಸೀತು? ಪಾತ್ರೆ ಉಜ್ಜಲು ಎಂದು ಅವಳು ನನ್ನಿಂದ ವರ್ಷಕ್ಕೊಂದು ಡಬ್ಬಿ ಹಲ್ಲಿನ ಸೆಟ್ಟು ಹೊಳೆಸುವ ಪುಡಿ ತರಿಸಿಕೊಳ್ಳುತ್ತಿದ್ದಳು. ಒದ್ದೆ ಫೆಲ್ಟ್ ಬಟ್ಟೆಯ ಮೇಲೆ ಆ ಪುಡಿ ಹಾಕಿ ಸಣ್ಣ ಸುತ್ತಿನಲ್ಲಿ ತಿಕ್ಕುವುದನ್ನು ಮದುವೆಗೆ ಮುಂಚೆ ಅವಳಿಗೆ ಹೇಳಿಕೊಟ್ಟವನೇ ನಾನು. ಆ ವರ್ಷ ಅಧ್ಯಕ್ಷರ ಕಾರಿನ ಮುಂಗಾಜು ನೋಡಿದ ಕೂಡಲೇ ಗೊತ್ತಾಯಿತು. ಅಂಥ ಹೊಳಪು ನನ್ನ ಕೆಲಸದ ಕೋಣೆಯಲ್ಲಿ ಮಾತ್ರ ಬರುತ್ತದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಅಂಕ ಹಾಕುವ ಮುಂಚೆ ತೀರ್ಪುಗಾರ ಮೇಜಿನ ಮುಂದೆ ನಿಂತು ಕಟ್ಟಿದವರಿಗೆ ನಾಲ್ಕಾರು ಪ್ರಶ್ನೆ ಕೇಳಬೇಕು. ಬೇರೆಯವರನ್ನು ನಾನು ಬೆವರಿಳಿಯುವಂತೆ ಕೇಳುತ್ತಿದ್ದೆ. ಭಾವನನ್ನು ಮಾತ್ರ ಒಂದೂ ಕೇಳುತ್ತಿರಲಿಲ್ಲ. ಬಗ್ಗಿ ನೋಡಿ, ಕಟ್ಟಿದವರು ಎಂಬ ಕಡೆ ಅವನ ಹೆಸರು ಬರೆದು, ಸಹಿ ಹಾಕಿ ಮುಂದೆ ಹೋಗುತ್ತಿದ್ದೆ. ಅಕ್ಕನ ಸಂಸಾರದಲ್ಲಿ ಹುಳಿ ಹಿಂಡುವುದು ಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಭಾವ ಬಹುಮಾನ ಹಿಡಿದು, ತಾಳ್ಮೆಯ ಬಗ್ಗೆ ಹದಿನೈದು ನಿಮಿಷ ಭಾಷಣ ಬಿಗಿಯುತ್ತಿದ್ದ. ಅಕ್ಕ ಹಿಂದಿನ ಸಾಲಿನಲ್ಲಿ ಫ್ಲಾಸ್ಕ್ ಹಿಡಿದು ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಅದನ್ನು ನೋಡುವುದಕ್ಕಿಂತ ಹೋದ ವಾರದ ಊಟ ಸಿಕ್ಕಿಕೊಂಡ ಸೆಟ್ಟು ತೊಳೆಯುವುದೇ ಮೇಲು.

ಈ ವರ್ಷದ ಪ್ರದರ್ಶನ ಒಂದು ಶಾಲೆಯ ಚಿತ್ರಕಲೆ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ. ಭಾವ ತಂದದ್ದು ತಿಳಿಹಸಿರು ಬಣ್ಣದ, ಮೇಲ್ಛಾವಣಿ ಇಲ್ಲದ ಎರಡು ಬಾಗಿಲಿನ ಕಾರು. ಆ ಕಿಟ್ಟು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಒಂದು ಚಕ್ರ ಕಳೆದರೂ ಇನ್ನೊಂದು ಸಿಗುವುದಿಲ್ಲ. ನಾನು ದೂರದಿಂದ ನೋಡಿಯೇ ಉಸಿರು ಬಿಗಿಹಿಡಿದೆ. ಬಾಗಿಲಿನ ಸಂದು ಕೂದಲೆಳೆಯಷ್ಟು, ಸ್ಟೀರಿಂಗಿನ ನಡುವೆ ಸಾಸಿವೆಯಷ್ಟು ಹಾರ್ನು. ಮುಂಗಾಜಂತೂ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಅಕ್ಕ ಇಷ್ಟು ಚೆನ್ನಾಗಿ ಹಿಂದೆ ಎಂದೂ ಕಟ್ಟಿರಲಿಲ್ಲ.

ತೀರ್ಪಿಗೆ ಇನ್ನರ್ಧ ಗಂಟೆ ಇತ್ತು. ಭಾವ ಫೋಟೋ ತೆಗೆಸಿಕೊಳ್ಳಲೆಂದು ಕಾರನ್ನು ಕೈಗೆತ್ತಿಕೊಂಡ, ಅದೂ ಮುಂಗಾಜನ್ನೇ ಹಿಡಿದು. ಕಟ್ಟಿದವರು ಯಾರೂ ಹಾಗೆ ಹಿಡಿಯುವುದಿಲ್ಲ. ಕೆಳಗಿಟ್ಟಾಗ ಗಾಜಿನ ಮೇಲೆ ಹೆಬ್ಬೆರಳಿನ ಜಿಡ್ಡು ಮೂಡಿತ್ತು. ಬಾಯಿಯ ಆವಿ ಊದಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದ್ದರೆ ಮುಗಿದುಹೋಗುತ್ತಿತ್ತು. ಅವನು ಪಕ್ಕದ ಮೇಜಿನಿಂದ ಥಿನ್ನರ್ ಬಾಟಲಿ ತೆಗೆದುಕೊಂಡು, ಹತ್ತಿಗೆ ಸುರಿದು, ಗಾಜನ್ನು ಎರಡು ಸಲ ಚೆನ್ನಾಗಿ ಉಜ್ಜಿಬಿಟ್ಟ.

ಹೆಸರಿಗೆ ಗಾಜು, ಆದರೆ ಅದೂ ಪ್ಲಾಸ್ಟಿಕ್ಕೇ, ಥಿನ್ನರ್ ತಗುಲಿದರೆ ಕರಗುತ್ತದೆ. ಇದು ನಮ್ಮ ಕ್ಲಬ್ಬಿಗೆ ನಿನ್ನೆ ಸೇರಿದವನಿಗೂ ಗೊತ್ತು. ನಾನು ಕೈ ಚಾಚುವಷ್ಟರಲ್ಲಿ ಗಾಜು ಪೊರೆ ಬಂದ ಕಣ್ಣಿನ ಹಾಗೆ ಬೆಳ್ಳಗಾಗಿ, ಅಂಚಿನಲ್ಲಿ ಸುಕ್ಕುಗಟ್ಟಿ, ಹತ್ತಿಯ ಎಳೆಗಳನ್ನು ಮೈಗೆ ಅಂಟಿಸಿಕೊಂಡಿತ್ತು. ಕೋಣೆಯಲ್ಲಿದ್ದ ಇಪ್ಪತ್ತೈದು ಜನರೂ ಮೇಜಿನತ್ತ ತಿರುಗಿದರು. ಏಳು ಬಹುಮಾನ ಹೊಡೆದ ಅಧ್ಯಕ್ಷ ಏನು ಮಾಡಿದನೆಂಬುದು ಒಬ್ಬೊಬ್ಬರಿಗೇ ಅರ್ಥವಾಗುತ್ತಾ ಹೋದದ್ದು ಮುಖಗಳಲ್ಲಿ ಕಾಣುತ್ತಿತ್ತು. ಅಕ್ಕ ಹಿಂದಿನ ಸಾಲಿನಿಂದ ಎದ್ದು ಬಂದು ಮೇಜಿನ ಪಕ್ಕ ನಿಂತಳು. ಕಾರನ್ನು ನೋಡಿದಳು.

"ನಮ್ಮ ಮನೆಯವಳು ಬೆಳಿಗ್ಗೆ ಧೂಳು ಒರೆಸ್ತೀನಿ ಅಂತ ಏನೋ ಹಚ್ಚಿದ್ಲು," ಎಂದ ಭಾವ, ಎಲ್ಲರಿಗೂ ಕೇಳುವ ಹಾಗೆ. "ಇದಕ್ಕೆಲ್ಲ ಕೈ ಹಾಕ್ಬೇಡ ಅಂತ ಎಷ್ಟು ಸಲ ಹೇಳಿದೀನಿ. ಅವಳಿಗೆ ಇದರ ಬೆಲೆ ಏನು ಗೊತ್ತು."

ಥಿನ್ನರ್ ನಾತ ಹೊಡೆಯುವ ಹತ್ತಿ ಇನ್ನೂ ಅವನ ಬೆರಳಿನ ನಡುವೆಯೇ ಇತ್ತು. ಅಕ್ಕ ಆ ಕಾರನ್ನು ಮುಟ್ಟಿದ್ದಾಳೆ ಎಂದು ಅವನು ಲೋಕಕ್ಕೆ ಸಾರಿದ್ದು ಇದೇ ಮೊದಲು, ಅದೂ ಹಾಳುಮಾಡಿದ್ದಕ್ಕೆ.

ನಾನು ತೀರ್ಪಿನ ಹಾಳೆ ಹಿಡಿದು ಅವನ ಮುಂದೆ ಹೋಗಿ ನಿಂತೆ. ಮೊದಲ ಬಾರಿಗೆ ಪದ್ಧತಿಯ ಪ್ರಕಾರ ಕೇಳಿದೆ.

"ಭಾವ, ಈ ಗಾಜನ್ನ ಹೊಳೆಸಿದ್ದು ಯಾವುದರಿಂದ?"

ಪಾಲಿಶ್ ಎಂದ. ಯಾವ ಪಾಲಿಶ್ ಎಂದೆ. ಒಳ್ಳೆಯ ಪಾಲಿಶ್ ಎಂದ. ಬಾಡಿಯ ಹಳೆಯ ಅಂಟು ಬಿಡಿಸಿದ್ದು ಹೇಗೆ ಎಂದೆ. ಅವನ ಕಣ್ಣು ತಾನಾಗಿಯೇ ಅಕ್ಕನ ಕಡೆ ಹೊರಳಿತು. ಇಪ್ಪತ್ತೈದು ಜನರ ಕಣ್ಣೂ ಅದರ ಹಿಂದೆಯೇ ಹೊರಳಿದವು.

"ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟೆ," ಎಂದಳು ಅಕ್ಕ. "ಗಾಜಿಗೆ ಹಲ್ಲಿನ ಸೆಟ್ಟಿನ ಪುಡಿ. ಒದ್ದೆ ಫೆಲ್ಟ್‌ನಲ್ಲಿ, ಸಣ್ಣ ಸುತ್ತು. ಹನ್ನೊಂದು ದಿನ ಹಿಡೀತು."

ಭಾವ ಯಾವುದೋ ಫೋನು ಬಂದವನಂತೆ ಜೇಬು ತಡಕುತ್ತಾ ಹೊರಗೆ ಹೋದ. ನಾನಾದರೋ ಉಬ್ಬಿಹೋಗಿದ್ದೆ, ಒಪ್ಪಿಕೊಳ್ಳುತ್ತೇನೆ. ತುಂಬಿದ ಸಭೆಯಲ್ಲಿ ಅಕ್ಕನಿಗೆ ನ್ಯಾಯ ಕೊಡಿಸಿದ ತಮ್ಮ. ಅವಳು ಕಣ್ಣೊರೆಸಿಕೊಂಡು ನನ್ನ ತೋಳು ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣು ಒಣಗಿಯೇ ಇತ್ತು.

"ನಿನಗೆ ಯಾವಾಗಿಂದ ಗೊತ್ತು?" ಎಂದು ಕೇಳಿದಳು.

ಫ್ರೀಜರಿನ ಕಥೆ ಹೇಳಿದೆ. ಏಳು ವರ್ಷದಿಂದ ಎಂದೆ. ಅವಳು ಬೆರಳು ಮಡಿಚಿ ಏನೋ ಎಣಿಸಿದಳು.

"ನಿನಗೆ ಗೊತ್ತಾಗ್ಲಿ ಅಂತಾನೇ ಕಣೋ ನಾನು ಆ ಪುಡಿ ಹಾಕ್ತಿದ್ದದ್ದು," ಎಂದಳು. "ಪ್ರತಿ ವರ್ಷ ನೀನು ಮೇಜಿನ ಮುಂದೆ ಬಗ್ಗಿದಾಗ, ಈ ಸಲ ಕೇಳ್ತಾನೆ, ಈ ಸಲ ಕೇಳ್ತಾನೆ ಅಂತ ಹಿಂದೆ ಕೂತು ಕಾಯ್ತಿದ್ದೆ. ನೀನು ಕೇಳ್ತಿರ್ಲಿಲ್ಲ. ಹೊಳಪು ಸಾಲ್ದೇನೋ ಅಂದ್ಕೊಂಡು ಮುಂದಿನ ವರ್ಷ ಇನ್ನೂ ಜಾಸ್ತಿ ತಿಕ್ತಿದ್ದೆ."

ನಿನ್ನ ಮನೆಯಲ್ಲಿ ಜಗಳವಾಗುವುದು ಬೇಡ ಎಂದು ಸುಮ್ಮನಿದ್ದೆ ಎಂದೆ. ಹೇಳುತ್ತಿದ್ದಂತೆಯೇ ಆ ಮಾತು ನನ್ನ ಬಾಯಲ್ಲೇ ಹಳಸಿದ ಹಾಗಾಯಿತು.

"ನನ್ನ ಮನೆ ವಿಷಯ ನನ್ನನ್ನೇ ಕೇಳ್ಬಹುದಿತ್ತು," ಎಂದಳು. "ಅವ್ರಿಗೆ ಅಂಟು ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ, ಯಾವ ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಗೊತ್ತಿಲ್ಲ. ನಿನಗೆ ಎಲ್ಲಾ ಗೊತ್ತಿತ್ತು."

ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಕಟ್ಟಿದವರು ಎಂಬ ಜಾಗ ಖಾಲಿ ಇತ್ತು. ನಾನು ಅವಸರದಲ್ಲಿ ಪೆನ್ನು ತೆಗೆದೆ. ಗಾಜಿನದ್ದು ಲೆಕ್ಕಕ್ಕೆ ಬೇಡ, ಅದು ನಿನ್ನ ತಪ್ಪಲ್ಲ, ಈ ಸಲ ಮೊದಲ ಬಹುಮಾನ ನಿನ್ನ ಹೆಸರಿಗೇ ಎಂದು ಏನೇನೋ ಬಡಬಡಿಸಿದೆ. ಅಕ್ಕ ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ಪೆನ್ನನ್ನೂ ತೆಗೆದುಕೊಂಡಳು. ಆ ಜಾಗದಲ್ಲಿ ತನ್ನ ಹೆಸರನ್ನು ತಾನೇ ಬರೆದು, ಎರಡನ್ನೂ ಕನ್ನಡಕದಂಗಡಿಯವರ ಕೈಗೆ ಕೊಟ್ಟಳು.

"ಗಾಜಿಗೆ ಎಷ್ಟು ಕಳೀಬೇಕೋ ಅಷ್ಟೂ ಕಳೀರಿ," ಎಂದಳು ಅವರಿಗೆ. "ಆದ್ರೆ ನನ್ನ ಕಾರು ನೀವು ನೋಡಿ. ಇವನು ಬೇಡ."

ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಭೂತಗನ್ನಡಿ ಹಿಡಿದು ಮೇಜಿಗೆ ಬಗ್ಗಿ ಒಂದೊಂದಾಗಿ ಕೇಳತೊಡಗಿದರು. ಬಣ್ಣ ಎಷ್ಟು ಸಲ ಹಾಕಿದಿರಿ, ಬಾಗಿಲಿನ ಸಂದು ಹೇಗೆ ಕೊರೆದಿರಿ, ಆ ಹಾರ್ನು ಯಾವುದರಿಂದ ಮಾಡಿದ್ದು. ಏಳು ವರ್ಷ ನಾನು ಕೇಳದೆ ನುಂಗಿಕೊಂಡ ಪ್ರಶ್ನೆಗಳೇ ಎಲ್ಲ. ಜನ ಮೇಜಿನ ಸುತ್ತ ಒತ್ತಿಕೊಂಡರು. ನನಗೆ ಅವರ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಅಕ್ಕನ ದನಿ ಕೇಳುತ್ತಿತ್ತು. ಅರ್ಧ ಗಂಟೆ ಕೇಳಿದರು, ಒಂದಕ್ಕೂ ಅವಳು ತಡವರಿಸಲಿಲ್ಲ.